ಸ್ಟ್ರಾಂಗ್ ಬಿಯರ್ ನಮ್ಮ ನಾಲಿಗೆಯ ಆಯ್ಕೆಯೇ?

ಪ್ರಶ್ನೆ: ನಾನು ದಾವಣಗೆರೆಯವನು. ಬೆಂಗಳೂರಿಗೆ ಹೋದಾಗ ಅಲ್ಲಿನ ಬ್ರೂವರಿಗಳಲ್ಲಿ ವೀಟ್ (ಗೋಧಿ) ಬಿಯರ್ ಕುಡಿದಿದ್ದೇನೆ, ತುಂಬಾ ಇಷ್ಟವಾಗಿದೆ. ಊರಿಗೆ ಬಂದರೆ ವೈನ್ ಶಾಪ್‌ನಲ್ಲಿ ಕಾಣುವುದೆಲ್ಲ ಸ್ಟ್ರಾಂಗ್. ಕೇಳಿದರೆ ಅಂಗಡಿಯವರು "ನಮ್ ಜನಕ್ಕೆ ಕಿಕ್ ಬೇಕು ಸಾರ್, ಟೇಸ್ಟ್ ಯಾರಿಗ್ ಬೇಕು" ಅನ್ನುತ್ತಾರೆ. ಇದು ನಿಜವೇ? ಕಂಪನಿಗಳು ಇಷ್ಟೊಂದು ಹೊಸ ಬಿಯರ್ ತರುತ್ತಿವೆ ಎಂದು ಓದುತ್ತೇವೆ, ನಮ್ಮಂಥ ಊರುಗಳಿಗೆ ಅವು ಯಾಕೆ ಬರುವುದಿಲ್ಲ? ಸ್ಟ್ರಾಂಗ್ ಬಿಯರ್‌ಗೆ ಗ್ಲಿಸರಿನ್ ಹಾಕುತ್ತಾರಂತೆ, ಹೌದಾ? ನನ್ನ ತಮ್ಮ ಇಲ್ಲೇ ಒಂದು ಮೈಕ್ರೊಬ್ರೂವರಿ (ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಮಾರುವ ಸಣ್ಣ ಬ್ರೂವರಿ) ಹಾಕುವ ಯೋಚನೆಯಲ್ಲಿದ್ದಾನೆ. ಅದಕ್ಕಾಗಿ ಕೇಳುತ್ತಿದ್ದೇನೆ.

ಉತ್ತರ: ನಿಮ್ಮ ಅಂಗಡಿಯವರು ತಾವು ದಿನಾ ನೋಡುವುದನ್ನೇ ಹೇಳಿದ್ದಾರೆ. ನಮ್ಮ ದೇಶದಲ್ಲಿ ಮಾರಾಟವಾಗುವ ಬಿಯರ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ಸ್ಟ್ರಾಂಗೇ. ಆದರೆ ಜನಕ್ಕೆ ರುಚಿ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಾಟಲ್ ಬಿಯರ್ ಮಾಡುವ ದೊಡ್ಡ ಬ್ರೂವರಿಯಲ್ಲೂ ಆಮೇಲೆ ಬೆಂಗಳೂರಿನ ಸಣ್ಣ ಬ್ರೂವರಿಗಳಲ್ಲೂ ಕೆಲಸ ಮಾಡಿದ್ದೇನೆ. ನಾನು ಕಂಡ ಹಾಗೆ, ನಮ್ಮಲ್ಲಿ ಯಾವ ಬಿಯರ್ ಓಡಬೇಕು ಎಂಬುದನ್ನು ಕುಡಿಯುವವರ ನಾಲಿಗೆಗಿಂತ ಮೊದಲು ಸುಂಕ, ಲೇಬಲ್ ನೋಂದಣಿ ಮತ್ತು ಅಂಗಡಿಯ ಫ್ರಿಜ್ ತೀರ್ಮಾನಿಸಿಬಿಡುತ್ತವೆ. ಅವು ಬಿಟ್ಟುಕೊಟ್ಟ ಜಾಗದಲ್ಲಿ ಮಾತ್ರ ರುಚಿಗೆ ಅವಕಾಶ.

ಸಂಜೆ ಕೆಲಸ ಮುಗಿಸಿ ಕೌಂಟರ್ ಮುಂದೆ ನಿಂತವರ ಲೆಕ್ಕ ಹೀಗಿರುತ್ತದೆ. 650 ಎಂ.ಎಲ್.ನ ಮೈಲ್ಡ್ ಬಾಟಲ್‌ನಲ್ಲಿ ಆಲ್ಕೋಹಾಲ್ ಶೇ 4.8 ಎಂದಿಟ್ಟುಕೊಂಡರೆ ಒಳಗಿರುವ ಆಲ್ಕೋಹಾಲ್ ಸುಮಾರು 31 ಎಂ.ಎಲ್. ಅಷ್ಟೇ ದೊಡ್ಡ ಬಾಟಲ್‌ನಲ್ಲಿ ಶೇ 7.5ರ ಸ್ಟ್ರಾಂಗ್ ಇದ್ದರೆ 49 ಎಂ.ಎಲ್. ಬೆಲೆಯಲ್ಲಿ ಮಾತ್ರ ಅಷ್ಟು ಅಂತರ ಇರುವುದಿಲ್ಲ. ಪಕ್ಕದಲ್ಲೇ ವಿಸ್ಕಿಯ 90 ಎಂ.ಎಲ್. ಟೆಟ್ರಾ ಪ್ಯಾಕ್ ಇರುತ್ತದೆ. ಶೇ 42.8ರ ಲೆಕ್ಕದಲ್ಲಿ ಅದರೊಳಗೆ 38.5 ಎಂ.ಎಲ್. ಆಲ್ಕೋಹಾಲ್ ಇದೆ. ಅಗ್ಗದ ಬ್ರ್ಯಾಂಡ್ ಆದರೆ ಒಂದು ಬಾಟಲ್ ಬಿಯರ್‌ನ ದುಡ್ಡಿಗೆ ಹೆಚ್ಚೂಕಡಿಮೆ ಎರಡು ಪ್ಯಾಕ್ ಬರುತ್ತದೆ, ಅಂದರೆ 77 ಎಂ.ಎಲ್. ಕೂಲಿಯ ದುಡ್ಡಲ್ಲಿ ಕುಡಿಯುವವರು ಈ ಲೆಕ್ಕವನ್ನು ಕಾಗದದ ಮೇಲೆ ಮಾಡದಿದ್ದರೂ ಅನುಭವದಿಂದ ಕರಾರುವಾಕ್ಕಾಗಿ ಬಲ್ಲರು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಅದನ್ನು ಕುಡಿಯುತ್ತಿದ್ದವರು ಹೋದದ್ದು ಅಗ್ಗದ ವಿಸ್ಕಿ, ರಮ್, ಬ್ರಾಂದಿಯ ಕಡೆಗೆ. ಮೈಲ್ಡ್ ಬಿಯರ್‌ನತ್ತ ತಿರುಗಲು ಅವರಿಗೆ ಕಾರಣವೇ ಇರಲಿಲ್ಲ.

ಈ ಬೆಲೆಯ ಹಿಂದೆ ಸುಂಕ ಇದೆ. ನಮ್ಮಲ್ಲಿ ಮದ್ಯದ ಸುಂಕ ರಾಜ್ಯಗಳ ಕೈಯಲ್ಲಿದೆ. ಬಿಯರ್‌ನ ಸುಂಕ ಬಹುಕಾಲ ನಿಂತಿದ್ದುದು ಲೀಟರ್ ಲೆಕ್ಕದ ಮೇಲೆ, ಇಲ್ಲವೇ ಬೆಲೆಯ ಶೇಕಡಾವಾರಿನ ಮೇಲೆ. 2023ರ ಜುಲೈ ಬಜೆಟ್‌ನಲ್ಲಿ ಕರ್ನಾಟಕ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ 175ರಿಂದ 185ಕ್ಕೆ ಏರಿಸಿತಲ್ಲ, ಅದು ಶೇಕಡಾವಾರು ಸುಂಕ. ಒಳಗಿನ ಆಲ್ಕೋಹಾಲ್ ಎಷ್ಟಿದೆ ಎಂದು ಅದು ಕೇಳುತ್ತಿರಲಿಲ್ಲ. ಬಾಟಲ್‌ಗೆ ತೆರುವ ತೆರಿಗೆ ಹೆಚ್ಚೂಕಡಿಮೆ ಒಂದೇ ಆದಾಗ, ಅದರಲ್ಲಿ ಹೆಚ್ಚು ಆಲ್ಕೋಹಾಲ್ ಇರುವುದನ್ನು ಕೊಳ್ಳುವುದು ಯಾರಿಗಾದರೂ ತೋಚುವ ದಾರಿ.

ಸುಂಕ ಬದಲಾದರೆ ರುಚಿ ಬದಲಾಗುತ್ತದೆಯೇ? ಇದಕ್ಕೆ ಜಪಾನ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಅಲ್ಲಿನ ಕಾನೂನು ಬಿಯರ್ ಅನ್ನು ಗುರುತಿಸುತ್ತಿದ್ದುದು ಮಾಲ್ಟ್‌ನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಂಥ ಧಾನ್ಯದ, ಪ್ರಮಾಣದಿಂದ. ಶೇ 67 ಅಥವಾ ಅದಕ್ಕಿಂತ ಹೆಚ್ಚು ಮಾಲ್ಟ್ ಇದ್ದರೆ ಅದು ಬಿಯರ್, ಅದಕ್ಕೆ ಭಾರೀ ತೆರಿಗೆ. 1994ರಲ್ಲಿ ಸಂಟೋರಿ ಕಂಪನಿ ಶೇ 65 ಮಾಲ್ಟ್ ಹಾಕಿದ 'ಹಾಪ್ಸ್' ಎಂಬ ಪಾನೀಯ ತಂದಿತು. ರುಚಿ ಬಿಯರ್‌ನದೇ, ತೆರಿಗೆ ಕಡಿಮೆ. ಜನ ಮುಗಿಬಿದ್ದರು, ಇದಕ್ಕೆ 'ಹಪ್ಪೋಶು' ಎಂಬ ವರ್ಗವೇ ಹುಟ್ಟಿತು. 1996ರಲ್ಲಿ ಸರ್ಕಾರ ಅದರ ತೆರಿಗೆ ಏರಿಸಿದಾಗ ಕಂಪನಿಗಳು ಮಾಲ್ಟನ್ನು ಶೇ 25ಕ್ಕಿಂತ ಕೆಳಗಿಳಿಸಿದವು. 2003ರಲ್ಲಿ ಮತ್ತೆ ತೆರಿಗೆ ಏರಿದಾಗ ಸಪ್ಪೋರೊ ಕಂಪನಿ ಮಾಲ್ಟೇ ಇಲ್ಲದೆ ಬಟಾಣಿಯ ಪ್ರೋಟೀನ್‌ನಿಂದ 'ಡ್ರಾಫ್ಟ್ ಒನ್' ಮಾಡಿತು. ಅದನ್ನು ಜನ 'ಮೂರನೇ ಬಿಯರ್' ಎಂದು ಕರೆದರು. ಒಂದು ತಲೆಮಾರು ಈ ತೆಳು ರುಚಿಗೇ ಒಗ್ಗಿಕೊಂಡು ಬೆಳೆಯಿತು. ಈಗ ಜಪಾನ್ 2026ರ ಅಕ್ಟೋಬರ್ ಹೊತ್ತಿಗೆ ಎಲ್ಲ ವರ್ಗಗಳಿಗೂ ಒಂದೇ ತೆರಿಗೆ ಎಂಬ ವೇಳಾಪಟ್ಟಿ ಹಾಕಿಕೊಂಡು ಹಂತ ಹಂತವಾಗಿ ಅಂತರ ಕಡಿಮೆ ಮಾಡಿದೆ, ಕಂಪನಿಗಳೂ ಮತ್ತೆ ಪೂರ್ಣ ಮಾಲ್ಟ್ ಬಿಯರ್ ಕಡೆ ಹಣ ಹಾಕುತ್ತಿವೆ. ಬ್ರಿಟನ್‌ನಲ್ಲಿ ನಡೆದದ್ದು ಇದಕ್ಕೆ ಉಲ್ಟಾ. 2023ರ ಆಗಸ್ಟ್‌ನಿಂದ ಶೇ 3.5ಕ್ಕಿಂತ ಕಡಿಮೆ ಆಲ್ಕೋಹಾಲ್ ಇದ್ದರೆ ತೆರಿಗೆ ಬಹಳ ಕಡಿಮೆ ಎಂದಾಯಿತು. ಆ ವರ್ಷವೇ ಅಲ್ಲಿನ ಕಾರ್ಲ್ಸ್‌ಬರ್ಗ್ ಪಿಲ್ಸ್ನರ್ ಶೇ 3.8ರಿಂದ 3.4ಕ್ಕೆ ಇಳಿಯಿತು.

ಹಾಗಾಗಿ 'ನಮ್ ಜನ' ಎಂದು ಬೇರೆ ಜಾತಿಯ ನಾಲಿಗೆ ಏನೂ ಇಲ್ಲ. ಸ್ಟ್ರಾಂಗ್ ಬಿಯರ್ ಕೂಡ ನಮ್ಮಲ್ಲಿ ಅನಾದಿಯಿಂದ ಬಂದದ್ದಲ್ಲ. 1915ರಲ್ಲಿ ಥಾಮಸ್ ಲೀಶ್ಮನ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಸೇರಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1978ರಲ್ಲಿ ಆ ಕಂಪನಿ ಮಾರುಕಟ್ಟೆಗೆ ಬಿಟ್ಟ ಕಿಂಗ್‌ಫಿಷರ್ ಮೈಲ್ಡ್ ಲಾಗರ್ (ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಬಿಯರ್). 1980ರ ದಶಕದಿಂದ ಹೇವರ್ಡ್ಸ್ 5000ದಂಥ ಬ್ರ್ಯಾಂಡ್‌ಗಳು ಸ್ಟ್ರಾಂಗ್‌ಗೆ ದಾರಿ ಮಾಡಿದವು. ಕಿಂಗ್‌ಫಿಷರ್ ಸ್ಟ್ರಾಂಗ್ ಬಂದದ್ದು 1999ರಲ್ಲಿ. ನಮ್ಮ ಬಿಯರ್ ಉದ್ಯಮದಲ್ಲಿ ಇದುವರೆಗೆ ಅತಿ ಹೆಚ್ಚು ಗೆದ್ದ ಹೊಸ ಉತ್ಪನ್ನ ಯಾವುದು ಎಂದು ಕೇಳಿದರೆ ನಾನು ಸ್ಟ್ರಾಂಗ್ ಎಂದೇ ಹೇಳುತ್ತೇನೆ. ಬಿಸಿಲಿನ ದೇಶದಲ್ಲಿ, ತಣ್ಣಗೆ, ಬೇಗ, ಕಡಿಮೆ ದುಡ್ಡಲ್ಲಿ ಎಂಬ ಬೇಡಿಕೆಯನ್ನು ಅರ್ಥ ಮಾಡಿಕೊಂಡೇ ಅದನ್ನು ರೂಪಿಸಿದರು. ಮಾಡುವ ರೀತಿಯೂ ಗುಟ್ಟಿನದಲ್ಲ. ಬಾರ್ಲಿ ಮಾಲ್ಟ್ ಜೊತೆಗೆ ಅಕ್ಕಿಯ ಫ್ಲೇಕ್ಸ್ (ನೋಡಲು ಥೇಟ್ ಅವಲಕ್ಕಿ), ಮೆಕ್ಕೆಜೋಳ ಇಲ್ಲವೇ ಸಕ್ಕರೆ ಪಾಕ ಸೇರಿಸಿ ಸಿಹಿ ಹೆಚ್ಚಿರುವ ರಸ ತೆಗೆಯುತ್ತಾರೆ. ಯೀಸ್ಟ್ ಆ ಸಿಹಿಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಹಾಪ್ಸ್‌ನ (ಬಿಯರ್‌ಗೆ ಕಹಿ, ಘಮ ಕೊಡುವ ಹೂವು) ಕಹಿಯನ್ನು ಕಮ್ಮಿ ಇಡುತ್ತಾರೆ, ಆಲ್ಕೋಹಾಲ್‌ನ ಖಾರ ಮುಚ್ಚಲು ಸ್ವಲ್ಪ ಸಿಹಿ ಉಳಿಸುತ್ತಾರೆ.

ಗ್ಲಿಸರಿನ್ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಈ ಪ್ರಶ್ನೆ ಕೇಳದ ಊರಿಲ್ಲ. ಬಾಟಲ್ ಮುಚ್ಚಳ ತೆಗೆದು, ಬಾಯಿಗೆ ಬೆರಳು ಒತ್ತಿ, ತಲೆಕೆಳಗು ಮಾಡಿ ನೀರಿನ ಲೋಟದೊಳಗೆ ಅದ್ದುತ್ತಾರೆ. ಬೆರಳು ತೆಗೆದ ಕೂಡಲೇ ಎಣ್ಣೆಯ ಹಾಗೆ ಒಂದು ಎಳೆ ಕೆಳಕ್ಕೆ ಜಾರುವುದು ಕಾಣುತ್ತದೆ. "ನೋಡಿ, ಗ್ಲಿಸರಿನ್ ಹೋಯ್ತು" ಅನ್ನುತ್ತಾರೆ. ಜಾರಿದ್ದು ಬಿಯರೇ. ಹುದುಗಿದ ಮೇಲೂ ಬಿಯರ್‌ನಲ್ಲಿ ಯೀಸ್ಟ್ ತಿನ್ನದೆ ಬಿಟ್ಟ ಮಾಲ್ಟ್‌ನ ಅಂಶ ಉಳಿದಿರುತ್ತದೆ, ಅದರಿಂದ ಬಿಯರ್ ನೀರಿಗಿಂತ ತುಸು ಭಾರ, ತಣ್ಣಗಿದ್ದರೆ ಇನ್ನಷ್ಟು. ಭಾರದ್ದು ಕೆಳಗೆ ಇಳಿಯುತ್ತದೆ, ಹಗುರವಾದ ನೀರು ಬಾಟಲ್‌ನೊಳಗೆ ಏರುತ್ತದೆ. ಎರಡು ದ್ರವಗಳ ಗಡಿಯಲ್ಲಿ ಬೆಳಕು ಬಾಗುವುದರಿಂದ ಎಳೆ ಎದ್ದು ಕಾಣುತ್ತದೆ. ಮನೆಯಲ್ಲೇ ಸಕ್ಕರೆ ನೀರು ತುಂಬಿದ ಬಾಟಲ್ ಇಟ್ಟು ನೋಡಿ, ಅದೇ ಎಳೆ ಕಾಣುತ್ತದೆ. ಹುದುಗುವಾಗ ಯೀಸ್ಟ್ ತಾನಾಗಿಯೇ ಲೀಟರಿಗೆ ಒಂದೆರಡು ಗ್ರಾಂ ಗ್ಲಿಸರಾಲ್ ಉತ್ಪತ್ತಿ ಮಾಡುತ್ತದೆ. ವೈನ್‌ನಲ್ಲಿ ಅದಕ್ಕಿಂತ ಹೆಚ್ಚಿರುತ್ತದೆ. ನೀವು ಈ ಪ್ರಯೋಗ ಮಾಡಿದಾಗ ನಿಜವಾಗಿ ಆಗುವುದು ಒಂದೇ: ಬಿಯರ್‌ಗೆ ನೀರು ಬೆರೆಯುತ್ತದೆ. ಮರುದಿನದ ತಲೆನೋವಿಗೆ ಕಾರಣ ಆಲ್ಕೋಹಾಲ್‌ನ ಪ್ರಮಾಣ, ಕುಡಿದ ವೇಗ, ದೇಹದಲ್ಲಿ ನೀರು ಕಡಿಮೆಯಾಗುವುದು, ಬಿಸಿಯಲ್ಲಿ ಅವಸರವಾಗಿ ಹುದುಗಿಸಿದ್ದರೆ ಅದರಲ್ಲಿ ಸೇರುವ ಭಾರವಾದ ಆಲ್ಕೋಹಾಲ್‌ಗಳು.

ಇನ್ನು ಬೆಂಗಳೂರಿನ ವೀಟ್ ಬಿಯರ್. 2010ರ ಆಸುಪಾಸಿನಲ್ಲಿ ಮೈಕ್ರೊಬ್ರೂವರಿಗಳು ಶುರುವಾದಾಗ, ಇಂದಿರಾನಗರದ ಟಾಯ್ಟ್, ವಿಠ್ಠಲ ಮಲ್ಯ ರಸ್ತೆಯ ಬಿಯರ್ ಕ್ಲಬ್, ಆಮೇಲೆ ಆರ್ಬರ್, ವಿಂಡ್‌ಮಿಲ್ಸ್, ಎಲ್ಲ ಕಡೆಯೂ ಟ್ಯಾಪ್‌ನಲ್ಲಿ ನಾಲ್ಕೈದು ಬಗೆ ಇರುತ್ತಿದ್ದವು. ಜನ ಕಚ್ಚಿಕೊಂಡದ್ದು ಮಾತ್ರ ವೀಟ್. ಜರ್ಮನ್ ಶೈಲಿಯ ವೀಟ್‌ನಲ್ಲಿ ಅರ್ಧದಷ್ಟಾದರೂ ಗೋಧಿ ಮಾಲ್ಟ್ ಇರುತ್ತದೆ. ಅದರ ಯೀಸ್ಟ್ ಹುದುಗುವಾಗ ಐಸೊಅಮೈಲ್ ಅಸಿಟೇಟ್ ಎಂಬ ವಸ್ತು ಹುಟ್ಟಿ ಬಾಳೆಹಣ್ಣಿನ ಪರಿಮಳ ಕೊಡುತ್ತದೆ, ಜೊತೆಗೆ ಲವಂಗದ ಘಮವೂ ಬರುತ್ತದೆ. ಬಾಳೆಹಣ್ಣನ್ನೂ ಹಾಕಿರುವುದಿಲ್ಲ, ಲವಂಗವನ್ನೂ ಹಾಕಿರುವುದಿಲ್ಲ. ಬೆಲ್ಜಿಯನ್ ಶೈಲಿಯಲ್ಲಾದರೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ನಿಜವಾಗಿಯೇ ಬೀಳುತ್ತವೆ. ಎರಡರಲ್ಲೂ ಕಹಿ ಇಲ್ಲವೆನ್ನುವಷ್ಟು ಕಡಿಮೆ. ಬಿಯರ್ ಎಂದರೆ ಕಹಿ ಎಂದು ದೂರ ಇದ್ದವರಿಗೆ, ಅದರಲ್ಲೂ ಆಗಷ್ಟೇ ಈ ಜಾಗಗಳಿಗೆ ನೆಮ್ಮದಿಯಾಗಿ ಬರತೊಡಗಿದ ಹೆಣ್ಣುಮಕ್ಕಳಿಗೆ, ಪರಿಚಿತ ಪರಿಮಳದ ಬಿಯರ್ ಸಿಕ್ಕಿತು. ಬ್ರೂವರಿಗೂ ಅನುಕೂಲ: ಎರಡು ವಾರದಲ್ಲಿ ತಯಾರು, ಸೋಸುವ ಕೆಲಸ ಇಲ್ಲ. ಲಾಗರ್ ಆದರೆ ನಾಲ್ಕು ವಾರಕ್ಕೂ ಹೆಚ್ಚು ಟ್ಯಾಂಕ್ ಹಿಡಿದಿಡುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಆ ಗೆಲುವೇ ಬೆಂಗಳೂರನ್ನು ಸೋಮಾರಿ ಮಾಡಿದೆ. ಯಾವ ಬ್ರೂವರಿಗೆ ಹೋದರೂ ಒಂದು ಜರ್ಮನ್ ವೀಟ್, ಒಂದು ಬೆಲ್ಜಿಯನ್ ವೀಟ್, ಒಂದು ಲಾಗರ್, ಒಂದು ಸ್ಟೌಟ್ (ಕಪ್ಪು ಬಿಯರ್), ಒಂದು ಐಪಿಎ (ಹಾಪ್ಸ್ ಹೆಚ್ಚು ಹಾಕಿದ ಕಹಿ ಬಿಯರ್), ಬೇಸಿಗೆಯಲ್ಲಿ ಮಾವಿನಹಣ್ಣಿನದೊಂದು. ಒಳಾಂಗಣಕ್ಕೆ ಸುರಿಯುವ ದುಡ್ಡಿನ ಸಣ್ಣ ಪಾಲನ್ನು ಬ್ರೂ ಮಾಸ್ಟರ್‌ಗಳಿಗೆ, ಪ್ರಯೋಗಕ್ಕೆ ಕೊಟ್ಟಿದ್ದರೆ ಈ ಹೊತ್ತಿಗೆ ನಮ್ಮದೇ ಎನ್ನುವ ಒಂದೆರಡು ಶೈಲಿಗಳು ಹುಟ್ಟಿರುತ್ತಿದ್ದವು.

ಬ್ರೂವರಿಯ ಈ ರುಚಿಯನ್ನು ಬಾಟಲ್‌ಗೆ ತಂದು ದೇಶಕ್ಕೆ ಮಾರಿದ್ದು ಬಿರಾ 91. 2015ರಲ್ಲಿ ಶುರುವಾದಾಗ ಬೆಲ್ಜಿಯಂನಲ್ಲಿ ಮಾಡಿಸಿ ತರಿಸುತ್ತಿದ್ದರು, ಆಮೇಲೆ ಇಲ್ಲೇ ಮಾಡಿಸತೊಡಗಿದರು. ಅವರ 'ವೈಟ್' ಕಡಿಮೆ ಕಹಿಯ ವೀಟ್ ಬಿಯರ್, ನಗರದ ಹುಡುಗ ಹುಡುಗಿಯರಿಗೆ ಹಿಡಿಸಿತು. ದೊಡ್ಡ ಕಂಪನಿಗಳೂ ವೀಟ್ ತರುವಂತಾಯಿತು, ಕಿಂಗ್‌ಫಿಷರ್ ಕೂಡ ಅಲ್ಟ್ರಾ ವಿಟ್‌ಬಿಯರ್ ಬಿಟ್ಟಿತು. ಆದರೆ ಬಿರಾ ಕಥೆಯ ಮುಂದಿನ ಭಾಗ ನಿಮ್ಮ ಎರಡನೇ ಪ್ರಶ್ನೆಗೆ ನೇರ ಉತ್ತರ. ಷೇರುಪೇಟೆಗೆ ಹೋಗುವ ತಯಾರಿಯಲ್ಲಿ ಆ ಕಂಪನಿ ತನ್ನ ಹೆಸರಿನಿಂದ 'ಪ್ರೈವೇಟ್' ಎಂಬ ಪದ ತೆಗೆದುಹಾಕಿತು. ಅಷ್ಟಕ್ಕೇ ರಾಜ್ಯ ರಾಜ್ಯಗಳಲ್ಲಿ ಲೇಬಲ್‌ಗಳನ್ನು ಮತ್ತೆ ನೋಂದಾಯಿಸಬೇಕಾಯಿತು. ತಿಂಗಳುಗಟ್ಟಲೆ ಮಾರಾಟ ನಿಂತಿತು, ಹಳೆಯ ಲೇಬಲ್‌ನ ದಾಸ್ತಾನು ಉಪಯೋಗಕ್ಕೆ ಬಾರದಂತಾಯಿತು. 2023-24ರಲ್ಲಿ ಕಂಪನಿಯ ನಷ್ಟ 748 ಕೋಟಿ ರೂಪಾಯಿ. ನಷ್ಟಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಒಂದು ಪದ ಬದಲಾದರೆ ಇಷ್ಟು ಕಷ್ಟ ಎಂದಾದ ಮೇಲೆ, ಪ್ರತಿ ರಾಜ್ಯದಲ್ಲೂ ಪ್ರತಿ ಅಳತೆಗೂ ಪ್ರತ್ಯೇಕ ಲೇಬಲ್ ಶುಲ್ಕ ಕಟ್ಟಿ ಹೊಸ ಬಿಯರ್ ತರುವ ಧೈರ್ಯ ಸಣ್ಣ ಕಂಪನಿಗೆ ಎಲ್ಲಿಂದ ಬರಬೇಕು? ಮದ್ಯದ ಜಾಹೀರಾತಿಗೂ ನಿರ್ಬಂಧ ಇರುವುದರಿಂದ, ಹೊಸದೊಂದು ಬಂದಿದೆ ಎಂದು ಜನರಿಗೆ ತಿಳಿಸುವುದೂ ಕಷ್ಟ.

ಲೇಬಲ್ ದಾಟಿ ಬಂದರೂ ದಾವಣಗೆರೆಯ ಬಿಸಿಲು ಮತ್ತು ಫ್ರಿಜ್ ಉಳಿದಿವೆ. ಪಾಶ್ಚರೀಕರಿಸಿದ ಲಾಗರ್ ಗೋದಾಮಿನ ಸೆಕೆ ತಡೆದುಕೊಂಡು ತಿಂಗಳುಗಟ್ಟಲೆ ಇರುತ್ತದೆ. ಯೀಸ್ಟ್ ಉಳಿಸಿಕೊಂಡ ತಾಜಾ ವೀಟ್‌ಗೆ, ಹಾಪ್ಸ್ ಘಮದ ಐಪಿಎಗೆ, ದಾರಿಯುದ್ದಕ್ಕೂ 4 ಡಿಗ್ರಿ ಆಸುಪಾಸಿನ ತಂಪು ಬೇಕು. ಸೆಕೆಯಲ್ಲಿಟ್ಟರೆ ಕೆಲವೇ ವಾರದಲ್ಲಿ ಬಾಳೆಯ ಘಮ ಹೋಗಿ ಒದ್ದೆ ರಟ್ಟಿನ ವಾಸನೆ ಬರುತ್ತದೆ. ಒಂದೇ ಫ್ರಿಜ್ ಇರುವ ಸಿಎಲ್-2 (ಚಿಲ್ಲರೆ ಮದ್ಯ ಮಾರಾಟದ ಲೈಸೆನ್ಸ್) ಅಂಗಡಿಯವರು ಆ ಜಾಗವನ್ನು ದಿನಕ್ಕೆ ನಾಲ್ಕು ಕೇಸ್ ಹೋಗುವ ಸ್ಟ್ರಾಂಗ್‌ಗೆ ಕೊಡುತ್ತಾರೆಯೇ ಹೊರತು ವಾರಕ್ಕೆ ನಾಲ್ಕು ಬಾಟಲ್ ಹೋಗುವ ವೀಟ್‌ಗಲ್ಲ. ಅವರನ್ನು ದೂರುವಂತಿಲ್ಲ. ನಿಮಗೆ ಊರಿನಲ್ಲಿ ವೀಟ್ ಸಿಕ್ಕಿದರೆ ಮೊದಲು ತಯಾರಿಕೆಯ ತಿಂಗಳು ನೋಡಿ, ಆದಷ್ಟು ಕ್ಯಾನ್ ಅಥವಾ ಕಂದು ಬಾಟಲ್ ತೆಗೆದುಕೊಳ್ಳಿ. ಹಸಿರು ಗಾಜು ಬೆಳಕನ್ನು ಒಳಗೆ ಬಿಡುತ್ತದೆ, ಬಿಸಿಲಲ್ಲಿ ಸ್ವಲ್ಪ ಹೊತ್ತು ಇದ್ದರೂ ಹಾಪ್ಸ್‌ನ ಕಹಿ ಅಂಶ ಒಡೆದು ಕೆಟ್ಟ ವಾಸನೆ ಕೊಡುತ್ತದೆ.

ಸಣ್ಣ ಊರುಗಳಿಗೆ ಬೇಗ ತಲುಪಿದ ಹೊಸತನ ಬಾಟಲ್‌ನ ಹೊರಗಿನದು. ಟ್ಯೂಬೋರ್ಗ್‌ನ ಎಳೆದು ತೆಗೆಯುವ ಮುಚ್ಚಳ ನೋಡಿರುತ್ತೀರಿ. ಓಪನರ್ ಇಲ್ಲದೆ ಹಲ್ಲಲ್ಲೋ ಬೈಕಿನ ಕ್ರ್ಯಾಶ್ ಗಾರ್ಡ್‌ಗೋ ಹಚ್ಚಿ ಮುಚ್ಚಳ ತೆಗೆಯುವ ಜನಕ್ಕೆ ಅದಕ್ಕಿಂತ ಉಪಯೋಗದ ಬದಲಾವಣೆ ಇಲ್ಲ. ಇನ್ನೊಂದು, ಆಲ್ಕೋಹಾಲ್ ಇಲ್ಲದ ಬಿಯರ್. 2018ರಲ್ಲಿ ಕಿಂಗ್‌ಫಿಷರ್ ರಾಡ್ಲರ್, 2019ರಲ್ಲಿ ಬಡ್‌ವೈಸರ್ 0.0 ಬಂದವು. ಇವು ಅಬಕಾರಿಯ ಕೈಗೆ ಸಿಗದೆ ಸೂಪರ್‌ಮಾರ್ಕೆಟ್‌ನಲ್ಲೇ ಮಾರಾಟವಾಗುವುದರಿಂದ ಊರೂರಿಗೂ ಹೋಗುತ್ತವೆ. ಸುಂಕ ಮತ್ತು ಲೈಸೆನ್ಸ್ ಅಡ್ಡ ಬರದಿದ್ದರೆ ಹೊಸ ರುಚಿ ಎಷ್ಟು ಬೇಗ ತಲುಪುತ್ತದೆ ಎಂಬುದಕ್ಕೆ ಇದೇ ಉದಾಹರಣೆ.

ಈಗ ನಿಮ್ಮ ತಮ್ಮನ ಯೋಜನೆ. ಮೈಕ್ರೊಬ್ರೂವರಿಯ ಬಿಯರ್ ಟ್ಯಾಂಕ್‌ನಿಂದ ಲೋಟಕ್ಕೆ ಹೋಗುವುದರಿಂದ ಮೇಲೆ ಹೇಳಿದ ಸಾಗಣೆ, ಫ್ರಿಜ್, ಬಾಟಲ್ ಲೇಬಲ್‌ನ ತೊಡಕು ಅವನಿಗಿಲ್ಲ. ಲೈಸೆನ್ಸ್ ಷರತ್ತುಗಳನ್ನು ಮಾತ್ರ ಜಿಲ್ಲೆಯ ಅಬಕಾರಿ ಕಚೇರಿಯಲ್ಲಿ ಕೇಳಿ ಬರವಣಿಗೆಯಲ್ಲೇ ಪಡೆದುಕೊಳ್ಳಲಿ. ವೀಟ್ ಓಡುತ್ತದೆಯೇ ಎಂದರೆ, ಓಡುತ್ತದೆ. ಮಿರ್ಚಿ ಮಂಡಕ್ಕಿ ತಿನ್ನುವ ಊರು ನಿಮ್ಮದು. ಕಹಿ ಜಾಸ್ತಿ ಇರುವ ಐಪಿಎ ಮೆಣಸಿನಕಾಯಿಯ ಉರಿಯನ್ನು ಇನ್ನಷ್ಟು ಏರಿಸುತ್ತದೆ, ವೀಟ್‌ನ ಮೃದು ಮಾಲ್ಟ್ ಅದನ್ನು ತಣಿಸುತ್ತದೆ. ಶೇ 5ರ ಒಳಗೇ ಇಡಲಿ, ಊಟದ ಜೊತೆ ಎರಡನೇ ಲೋಟ ಕೇಳುವಂತಿರಬೇಕು.

ಆದರೆ ಬೆಂಗಳೂರಿನ ಪಟ್ಟಿಯನ್ನೇ ನಕಲು ಮಾಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ರಾಗಿ ಬಿಯರ್ ಮಾಡೋಣ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಮಗುವಿಗೆ ರಾಗಿ ಸರಿ ಮಾಡಲು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವುದು ನಮ್ಮ ಮನೆಗಳಲ್ಲಿ ಇದ್ದೇ ಇದೆ. ಮಾಲ್ಟ್ ಮಾಡುವ ಕ್ರಮವೂ ಮೂಲತಃ ಅದೇ. ಉಗಾಂಡದಲ್ಲಿ ರಾಗಿಯ ಬಿಯರ್ ಇಂದಿಗೂ ಮನೆಮಾತು. ನೈಜೀರಿಯ 1988ರಲ್ಲಿ ಬಾರ್ಲಿ ಮಾಲ್ಟ್ ಆಮದು ನಿಲ್ಲಿಸಿದಾಗ ಅಲ್ಲಿನ ದೊಡ್ಡ ಬ್ರೂವರಿಗಳೇ ಜೋಳಕ್ಕೆ ತಿರುಗಿ ಯಶಸ್ವಿಯಾದವು. ಹಾಗಾಗಿ ಆಗುವುದಿಲ್ಲ ಎನ್ನಲಾರೆ. ಕಷ್ಟ ಇರುವುದು ಸೋಸುವುದರಲ್ಲಿ. ಬಾರ್ಲಿಯ ಸಿಪ್ಪೆಯೇ ಸೋಸುವ ಹಾಸಿಗೆಯಾಗಿ ಕೆಲಸ ಮಾಡುತ್ತದೆ. ರಾಗಿಗೆ ಅಂಥ ಸಿಪ್ಪೆ ಇಲ್ಲ, ಹೆಚ್ಚು ಹಾಕಿದರೆ ಅಂಬಲಿಯ ಹಾಗೆ ಗಟ್ಟಿಯಾಗಿ ಕೂತು ರಸ ಇಳಿಯುವುದೇ ಇಲ್ಲ. ಹೊಸಬರು ಮೊದಲ ವರ್ಷ ಅದಕ್ಕೆ ಕೈ ಹಾಕದಿರುವುದು ಒಳ್ಳೆಯದು.

ನಿಮ್ಮ ಜಿಲ್ಲೆಯ ಬೆಳೆ ಮೆಕ್ಕೆಜೋಳ. ಅಮೆರಿಕದಲ್ಲಿ 'ಕ್ರೀಮ್ ಏಲ್' ಎಂಬ ಹಳೆಯ ಶೈಲಿಯಿದೆ: ಬಾರ್ಲಿ ಮಾಲ್ಟ್‌ಗೆ ಐದನೇ ಒಂದು ಪಾಲು ಮೆಕ್ಕೆಜೋಳ ಸೇರಿಸಿ, ತುಸು ಬೆಚ್ಚಗೆ ಬೇಗ ಹುದುಗುವ ಏಲ್ ಯೀಸ್ಟ್‌ನಲ್ಲಿ ಹುದುಗಿಸಿ, ಕೊನೆಯಲ್ಲಿ ತಂಪಿನಲ್ಲಿ ಹಣ್ಣಾಗಿಸುವುದು. ತಿಳಿ ಬಣ್ಣ, ನವಿರಾದ ಸಿಹಿ, ಕಹಿ ಕಡಿಮೆ. ಬಾಟಲ್ ಸ್ಟ್ರಾಂಗ್‌ಗೆ ಒಗ್ಗಿದ ನಾಲಿಗೆಗೆ ಇದು ಮೊದಲ ಗುಟುಕಿಗೇ ಹೊಂದುತ್ತದೆ, ವೀಟ್‌ನ ಮಬ್ಬು ಮತ್ತು ಬಾಳೆಯ ಘಮ ಹಿಡಿಸದವರಿಗೂ ಆಗುತ್ತದೆ. ಲಾಗರ್‌ಗಿಂತ ಬೇಗ ಟ್ಯಾಂಕ್ ಖಾಲಿಯಾಗುತ್ತದೆ. ಒಂದು ಎಚ್ಚರಿಕೆ: ಕಾಳಿನ ಮೊಳಕೆ ಭಾಗದಲ್ಲಿರುವ ಎಣ್ಣೆ ನೊರೆಯನ್ನು ಕೊಂದುಬಿಡುತ್ತದೆ. ಮಿಲ್‌ನಲ್ಲಿ ಆ ಭಾಗ ತೆಗೆಸಿದ ರವೆಯನ್ನೇ ಕೊಳ್ಳಬೇಕು, ಅದನ್ನು ಮೊದಲು ಬೇರೆಯಾಗಿ ಗಂಜಿಯಂತೆ ಬೇಯಿಸಿ ಆಮೇಲೆ ಮಾಲ್ಟ್ ಜೊತೆ ಸೇರಿಸಬೇಕು. ಶುರುವಿಗೆ ನಾಲ್ಕು ಟ್ಯಾಪ್ ಸಾಕು: ಕ್ರೀಮ್ ಏಲ್, ವೀಟ್, ಚಳಿಗಾಲಕ್ಕೊಂದು ಕಪ್ಪು ಬಿಯರ್, ನಾಲ್ಕನೆಯದು ಗಿರಾಕಿಗಳು ಏನು ಕೇಳುತ್ತಾರೋ ನೋಡಿ ಬದಲಾಯಿಸುತ್ತಾ ಹೋಗಲು. ಅದರಲ್ಲಿ ಶೇ 7ರ ಒಂದು ವೀಟ್ ಕೂಡ ಇರಲಿ. ಸ್ಟ್ರಾಂಗ್ ಕುಡಿಯುವವರು ಬಂದಾಗ ಅವರನ್ನು ಕೀಳಾಗಿ ಕಾಣದೆ, ಸಣ್ಣ ಲೋಟದಲ್ಲಿ ಕೊಡಿ. 200 ಎಂ.ಎಲ್. ಲೋಟದ ಬೆಲೆ ಅವರ ಕೈಗೆಟುಕುವಂತಿದ್ದರೆ ಮುಂದಿನ ಸಲ ಅವರೇ ಬೇರೆಯದನ್ನೂ ರುಚಿ ನೋಡುತ್ತಾರೆ.

ಯಂತ್ರಗಳಿಗೆ ಮುಂಗಡ ಕೊಡುವ ಮೊದಲು ನೀರಿನ ಪರೀಕ್ಷೆ ಮಾಡಿಸಲಿ. ಬಿಯರ್‌ನ ಶೇ 90ಕ್ಕೂ ಹೆಚ್ಚು ಭಾಗ ನೀರು. ಬೋರ್‌ವೆಲ್ ನೀರಿನ ಗಡಸು, ಅದರಲ್ಲೂ ಬೈಕಾರ್ಬನೇಟ್ ಜಾಸ್ತಿ ಇದ್ದರೆ ತಿಳಿ ಬಣ್ಣದ ಬಿಯರ್‌ಗೆ ಒಗರು ಬರುತ್ತದೆ, ಆಗ ಆರ್‌ಒ ಘಟಕದ ಖರ್ಚನ್ನೂ ಯೋಜನೆಯಲ್ಲಿ ಸೇರಿಸಬೇಕು. ವರದಿಯಲ್ಲಿ ಕ್ಯಾಲ್ಸಿಯಂ, ಬೈಕಾರ್ಬನೇಟ್, ಸಲ್ಫೇಟ್, ಕ್ಲೋರೈಡ್ ನಾಲ್ಕೂ ಇರಲಿ, ಬೇಸಿಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಮಾಡಿಸಿ. ವರದಿ ಕಳಿಸಿದರೆ ಯಾವ ಬಿಯರ್‌ಗೆ ನೀರನ್ನು ಹೇಗೆ ಸರಿಪಡಿಸಬೇಕು ಎಂದು ಬರೆಯುತ್ತೇನೆ.